ಕೂರುತ್ತೆ ಸಾರ್!

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಿಂದ ದೇವರಾಜ ಮಾರ್ಕೆಟ್ಟಿಗೆ ಎಷ್ಟು ತಿರುವು ಅಂತ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಹನ್ನೊಂದು. ನಾಲ್ಕು ತಿಂಗಳು ಅವಳು ಅದನ್ನು ಕಿವಿಯಲ್ಲೇ ಎಣಿಸಿದ್ದಾಳೆ. ನಾನು ಸ್ಟೀರಿಂಗನ್ನು ಕೊಂಚ ಜಾಸ್ತಿ ತಿರುಗಿಸಿದರೆ ಸಾಕು, ನಮ್ಮ ಜಿಪ್ಸಿಯ ಮುಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ‘ಕರ್ರ್ರ್’ ಅನ್ನುತ್ತಿತ್ತು. ಮೊದಲ ವಾರ "ರೀ, ಏನೋ ಸದ್ದು" ಅಂದಳು. ಎರಡನೇ ವಾರ "ರೀ, ಮತ್ತೆ ಅದೇ ಸದ್ದು" ಅಂದಳು. ಮೂರನೇ ವಾರದಿಂದ ಏನೂ ಅನ್ನದೆ ಒಂದೊಂದೇ ಬೆರಳು ಮಡಚತೊಡಗಿದಳು. ಹತ್ತು ಬೆರಳು ಮುಗಿದು ಹನ್ನೊಂದನೆಯದಕ್ಕೆ ನನ್ನ ಮುಖ ನೋಡುತ್ತಿದ್ದಳು.

ಹಗಲೆಲ್ಲ ಬ್ಯಾಂಕಿನಲ್ಲಿ ಕೂತು ಬೇರೆಯವರ ಸಾಲದ ಕಡತದಲ್ಲಿ ತಪ್ಪು ಹುಡುಕುವವನು ನಾನು. ಅಂಥವನಿಗೆ ಐವತ್ತರ ಹತ್ತಿರ ಕಾಡು ಮೇಡು ಸುತ್ತುವ ಹುಚ್ಚು ಹಿಡಿಯಿತು. ಒಂದು ಹಳೇ ಬಿಳಿ ಮಾರುತಿ ಜಿಪ್ಸಿ ತಂದೆ. ಗಾಡಿ ಚೆನ್ನಾಗಿಯೇ ಇತ್ತು. ಕಂಪನಿಯ ಅಳತೆಯ ಟೈರು, 205/70 ಆರ್ 15, ಅದು ಮಾತ್ರ ನನ್ನ ಕಣ್ಣಿಗೆ ಪೈಲ್ವಾನನಿಗೆ ಹವಾಯಿ ಚಪ್ಪಲಿ ಹಾಕಿಸಿದ ಹಾಗೆ ಕಾಣುತ್ತಿತ್ತು.

ಈ ಟೈರಿನ ಅಂಕಿಯೇ ಒಂದು ವಿಚಿತ್ರ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಎತ್ತರ, ಅದು ಅಗಲದ ಶೇಕಡಾ ಲೆಕ್ಕ. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ದೇಶದ ಲೆಕ್ಕ. ಇದನ್ನು ಕಂಡುಹಿಡಿದ ಮಹಾನುಭಾವ ದಿನಸಿ ಅಂಗಡಿಗೆ ಹೋಗಿ ಎರಡು ಮೊಳ ಅಕ್ಕಿ, ಅರ್ಧ ಡಜನ್ ಎಣ್ಣೆ ಕೇಳುವ ಪೈಕಿ ಇರಬೇಕು. ಅದೇನೇ ಇರಲಿ, ನಾನು ಕಾಗದ ಪೆನ್ನು ಹಿಡಿದು ಕೂತೆ. 235/75 ಆರ್ 15 ಹಾಕಿದರೆ ಚಕ್ರದ ಒಟ್ಟು ಎತ್ತರ 668 ಮಿಲಿಮೀಟರಿನಿಂದ 733ಕ್ಕೆ ಏರುತ್ತೆ. ಅಚ್ಚು ಚಕ್ರದ ನಡುವೆ ಇರುವುದರಿಂದ ಗಾಡಿ ನೆಲದಿಂದ ಮೇಲೇಳುವುದು ಅದರ ಅರ್ಧ, ಸುಮಾರು ಒಂದೂಕಾಲು ಇಂಚು. ಆ ಒಂದೂಕಾಲು ಇಂಚಿನಲ್ಲಿ ಇಡೀ ಪಶ್ಚಿಮ ಘಟ್ಟ ದಾಟುವ ಕನಸು ಕಂಡೆ.

ಆದರೆ ಅಷ್ಟು ಅಗಲದ ಟೈರಿಗೆ ಕಡೇಪಕ್ಷ ಆರು ಇಂಚು ಅಗಲದ ರಿಮ್ ಬೇಕು. ಗಾಡಿಯಲ್ಲಿದ್ದದ್ದು ಐದೂವರೆ. ಅಂದರೆ ಟೈರಿಗಾಗಿ ರಿಮ್ಮು. ಲಂಗೋಟಿ ಕಡಿದ ಇಲಿಗೆ ಬೆಕ್ಕು ಸಾಕಿದ ಸನ್ಯಾಸಿಯ ಕತೆ ಶುರುವಾದದ್ದೇ ಅಲ್ಲಿಂದ.

ರಿಮ್ ತರಬೇಕಾದರೆ ಪಿ.ಸಿ.ಡಿ. ಗೊತ್ತಿರಬೇಕು. ಬೋಲ್ಟುಗಳು ಸುತ್ತ ನಿಂತಿರುತ್ತವಲ್ಲ, ಆ ವೃತ್ತದ ವ್ಯಾಸ. ನಾಲ್ಕು ಬೋಲ್ಟಿದ್ದರೆ ಎದುರುಬದುರು ಟೇಪ್ ಹಿಡಿದರಾಯಿತು. ಜಿಪ್ಸಿಗೆ ಐದು. ಐದು ಬೋಲ್ಟಿನ ಚಕ್ರ ಎಂದರೆ ಎದುರುಮನೆಯೇ ಇಲ್ಲದ ಬೀದಿ, ಯಾವುದಕ್ಕೂ ಎದುರು ಯಾವುದೂ ಇಲ್ಲ. ಹೆಂಡತಿಯ ಹೊಲಿಗೆ ಟೇಪ್ ತಂದು, ಒಂದು ಬೋಲ್ಟಿನ ನಡುವಿನಿಂದ ಅದಕ್ಕೆ ದೂರವಿರುವ ಬೋಲ್ಟಿನ ನಡುವಿಗೆ ಹಿಡಿದೆ. ಐದೂಕಾಲು ಇಂಚು ಬಂತು. ಬಜಾರಿನಲ್ಲಿ ಸಿಗುವುದು ಒಂದೋ ಐದು ಇಂಚಿನದು, ಅದಕ್ಕೆ ಮಿಲಿಮೀಟರಿನಲ್ಲಿ 127 ಅನ್ನುತ್ತಾರೆ. ಇಲ್ಲವೇ ಐದೂವರೆಯದು, 139.7. ನಾನು ಸರಿಯಾಗಿ ಮಧ್ಯದಲ್ಲಿ ತ್ರಿಶಂಕುವಾಗಿ ನಿಂತಿದ್ದೆ. ಆ ಹೊತ್ತಿಗಾಗಲೇ ಮನಸ್ಸು ಒಂದು ಸೆಟ್ ಕರೀ ಅಲಾಯ್ ಮೇಲೆ ಬಿದ್ದಿತ್ತು, ಅದು 127ರದು. ಕಾಲು ಇಂಚು ತಾನೇ, ಹೊಲಿಗೆ ಟೇಪ್ ಎಳೆದು ಎಳೆದು ಸಡಿಲಾಗಿರುತ್ತೆ ಅಂದುಕೊಂಡೆ. ಗ್ಯಾರೇಜಿನವನಿಗೆ ಫೋನ್ ಮಾಡಿ ಕೇಳಿದೆ.

"ಕೂರುತ್ತೆ ಸಾರ್, ತಗೊಂಡ್ಬನ್ನಿ" ಅಂದ.

ಗ್ಯಾರೇಜ್ ಕನ್ನಡದಲ್ಲಿ ‘ಕೂರುತ್ತೆ’ ಅನ್ನುವುದಕ್ಕಿಂತ ದೊಡ್ಡ ಆಶ್ವಾಸನೆ ಇಲ್ಲ. ಯಾವ ನಟ್ಟಾದರೂ, ಯಾವ ಗಾಡಿಗಾದರೂ ಕೂರುತ್ತೆ. ಎಷ್ಟು ಹೊತ್ತು ಕೂತಿರುತ್ತೆ ಅಂತ ಮಾತ್ರ ಕೇಳಬಾರದು. ನಾಲ್ಕೂ ರಿಮ್ ಹೊತ್ತುಕೊಂಡು ಹೋದೆ. ಒಂದನ್ನು ಎತ್ತಿ ಹಿಡಿದ. ಒಂದು ಬೋಲ್ಟು ತೂತಿಗೆ ಬಂತು, ಮಿಕ್ಕ ನಾಲ್ಕು ಹೊರಗೇ ನಿಂತು ನಮ್ಮನ್ನು ನೋಡಿದವು. ಅವನು ಜೇಬಿನಿಂದ ಒಂದು ಸ್ಟೀಲ್ ಸ್ಕೇಲ್ ತೆಗೆದು, ಒಂದು ಬೋಲ್ಟಿನ ನಡುವಿನಿಂದ ದೂರದ ಬೋಲ್ಟಿನ ನಡುವಿಗಲ್ಲ, ಅದರ ಆಚೆ ಅಂಚಿಗೆ ಇಟ್ಟ. ಐದೂವರೆಗೆ ಹತ್ತಿರ ಬಂತು. "ಐದು ಬೋಲ್ಟಿಗೆ ಹಿಂಗೇ ಸಾರ್ ನೋಡೋದು" ಅಂದ. ಹತ್ತು ಸೆಕೆಂಡು ಹಿಡಿಯಲಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ, "ಹೋದ ಮಾಲು ವಾಪಸ್ ಇಲ್ಲ ಸಾರ್." ನಾಲ್ಕು ರಿಮ್ ನಮ್ಮ ತಾರಸಿ ಹತ್ತಿದವು.

ಮುಂದಿನ ಸೆಟ್ ಅಳತೆಗೆ ಸರಿಯಾಗಿತ್ತು, ಏಳು ಇಂಚು ಅಗಲ. ಹಳೇ ಟೈರೂ ಜೊತೆಗೇ ಸಿಕ್ಕಿತು, ಅಗ್ಗದಲ್ಲಿ. ಹಾಕಿದ. ಐದೂ ಬೋಲ್ಟು ಕೂತವು. ಗಾಡಿ ಎದೆಯುಬ್ಬಿಸಿ ನಿಂತಿತು, ನಾನೂ ನಿಂತೆ. ಆಗ ನನಗೆ ಗೊತ್ತಿಲ್ಲದಿದ್ದ ಇನ್ನೊಂದು ಪದ ಆಫ್‌ಸೆಟ್. ರಿಮ್ಮು ಹಬ್ಬಿಗೆ, ಅಂದರೆ ಬೋಲ್ಟುಗಳು ನಿಂತಿರುವ ಗಾಡಿಯ ಕಡೆಯ ಬಿಲ್ಲೆಗೆ, ಅಂಟಿಕೊಳ್ಳುವ ಮುಖ ಅದರ ನಡುಗೆರೆಯಿಂದ ಹೊರಗಿದ್ದರೆ ಪ್ಲಸ್, ಚಕ್ರ ಒಳಕ್ಕೆ ಸರಿಯುತ್ತೆ. ಒಳಗಿದ್ದರೆ ಮೈನಸ್, ಚಕ್ರ ಹೊರಕ್ಕೆ ಚಾಚುತ್ತೆ. ನನ್ನದು ಮೈನಸ್. ಟೈರು ಮಡ್‌ಗಾರ್ಡಿನ ಆಚೆಗೂ ಇಣುಕುತ್ತಿತ್ತು, ಸ್ಟೀರಿಂಗ್ ತಿರುಗಿಸಿದರೆ ಮೂಲೆಗೆ ಉಜ್ಜುತ್ತಿತ್ತು. ಮಳೆ ಬಂದ ದಿನ ರಸ್ತೆಯ ರಾಡಿಯೆಲ್ಲ ಬಾಗಿಲಿನ ಮೇಲೆ, ಕಿಟಕಿ ಇಳಿಸಿದ್ದರೆ ಒಳಗೆ ಕೂತವರ ಸೀರೆಯ ಮೇಲೆ. ಗ್ಯಾರೇಜಿನವನು ತಲೆ ಓರೆ ಮಾಡಿ ನೋಡಿ, "ಮಡ್‌ಗಾರ್ಡ್ ಸ್ವಲ್ಪ ಕತ್ತರಿಸಿದ್ರೆ ಕೂರುತ್ತೆ ಸಾರ್" ಅಂದ. ಆ ರಾತ್ರಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದೆ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಜನರ ಕಡತದಲ್ಲಿ ತಪ್ಪು ಹುಡುಕುವವನು ಇದನ್ನು ಮೊದಲೇ ಓದಬೇಕಿತ್ತು, ಒಪ್ಪಿದೆ.

ಒಂದು ಲಾಭವೂ ಆಯಿತು ಅನ್ನಿ. ಮಂಡ್ಯದಲ್ಲಿ ನನ್ನ ನಾದಿನಿಯ ಮನೆ. ನಮ್ಮಿಂದ 45 ಕಿಲೋಮೀಟರ್. ಹೊಸ ಚಕ್ರ ಹಾಕಿಕೊಂಡು ಹೋದರೆ ಮೀಟರಿನಲ್ಲಿ 41ಕ್ಕೇ ಮಂಡ್ಯ ಬಂದುಬಿಟ್ಟಿತು! ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಉರುಳುತ್ತೆ, ಮೀಟರ್ ಮಾತ್ರ ಹಳೇ ಸುತ್ತನ್ನೇ ಎಣಿಸುತ್ತೆ. ಮುಳ್ಳು 60 ತೋರಿಸುವಾಗ ನಾವು ಓಡುತ್ತಿದ್ದದ್ದು 66ರಲ್ಲಿ. "ಅಂತೂ ನಮ್ಮಮ್ಮನ ಮನೆ ಕಡೆಯವರು ನಾಲ್ಕು ಕಿಲೋಮೀಟರ್ ಹತ್ತಿರ ಆದ್ರು" ಅಂದಳು ಹೆಂಡತಿ. ಆದರೆ ಚಾಮುಂಡಿ ಬೆಟ್ಟ ಹತ್ತುವಾಗ ಮೊದಲು ಮೂರನೇ ಗೇರಿಗೆ ಹೋಗುತ್ತಿದ್ದ ಗಾಡಿ ಈಗ ಎರಡನೆಯದಕ್ಕೂ ಮುಖ ಸಿಂಡರಿಸುತ್ತಿತ್ತು.

ಪಾಂಡವಪುರದ ಕಡೆಯ ಹಳ್ಳಿಯಲ್ಲಿ ನಮ್ಮ ಮಾವ ಇದ್ದಾರೆ. ಮೂವತ್ತು ವರ್ಷ ಮೇಟಗಳ್ಳಿಯ ವಿಕ್ರಾಂತ್ ಟೈರ್ಸಿನಲ್ಲಿದ್ದವರು. 1997ರಲ್ಲಿ ಜೆ.ಕೆ. ಟೈರ್‌ನವರು ಅದನ್ನು ತಗೊಂಡರೂ ಮಾವನ ಬಾಯಲ್ಲಿ ಇವತ್ತಿಗೂ ವಿಕ್ರಾಂತೇ. ಗಾಡಿ ಅಂಗಳಕ್ಕೆ ಬಂದದ್ದೇ ತಡ, ನಮ್ಮನ್ನು ಮಾತಾಡಿಸದೆ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಪಂಚೆಯ ತುದಿಯಿಂದ ಧೂಳು ಒರೆಸಿ, ಕನ್ನಡಕ ಹಣೆಗೇರಿಸಿ, ಜಾತಕ ಓದುವವರಂತೆ ಬೆರಳಿಟ್ಟು ಓದತೊಡಗಿದರು.

"105 ಅಂದ್ರೆ ಒಂದು ಚಕ್ರ 925 ಕೇಜಿ ಬಾರ ಹೊರ್ತದೆ. ನಿಮ್ ಗಾಡಿ ಎಲ್ಲಾ ಸೇರುದ್ರೂ ಒಂದೇ ಟನ್ನು. ಆನೆ ಕೂರುಸ್ತೀರಾ ಅಳಿಯಂದ್ರೇ? ಎಸ್ ಅಂದ್ರೆ ಗಂಟೆಗೆ 180. ಅಷ್ಟು ಓಡ್ಬೇಕು ಅಂದ್ರೆ ಇದು ಬೆಟ್ಟದ್ ಮೇಲಿಂದ ಬೀಳ್ಬೇಕು." ಆಮೇಲೆ ನಾಲ್ಕಂಕಿಯ ಒಂದು ಮುದ್ರೆಯ ಮೇಲೆ ಬೆರಳು ನಿಂತಿತು. 2314. "ಇಪ್ಪತ್ಮೂರನೇ ವಾರ, ಎರಡು ಸಾವಿರದ ಹದ್ನಾಲ್ಕು. ಇದು ಉಟ್ಟಿದ್ ದಿನ. ಟೈರಲ್ಲ ಕನಾ ಇದು, ಇಸ್ಕೂಲಿಗ್ ಸೇರುಸ್ಬೇಕಾದ್ ವಯಸ್ಸು ಯಾವತ್ತೋ ದಾಟೋಗದೆ." ಉಗುರಿನಿಂದ ರಬ್ಬರು ಒತ್ತಿದರು. ಒಣಗಿದ ಹಪ್ಪಳದಂತೆ ಗಟ್ಟಿ.

ಮರ್ಯಾದೆ ಉಳಿಸಿಕೊಳ್ಳಲು ಗದ್ದೆ ಕಡೆ ಒಂದು ಸುತ್ತು ಹೋಗೋಣ ಅಂದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಿದ್ದರು, ಹಿಂದಿನ ರಾತ್ರಿ ಮಳೆಯೂ ಆಗಿತ್ತು. ಕಬ್ಬಿನ ನಡುವೆ ಗಾಡಿದಾರಿ. ನೂರು ಗಜ ಹೋಗಿರಬೇಕು, ಚಕ್ರ ಸುತ್ತುತ್ತಿದೆ, ಗಾಡಿ ನಿಂತಿದೆ. ಇಳಿದು ನೋಡಿದರೆ ಬಟನ್ನುಗಳ, ಅಂದರೆ ನೆಲ ಹಿಡಿಯುವ ರಬ್ಬರಿನ ಉಬ್ಬುಗಳ, ಸಂದಿಯೆಲ್ಲ ಜೇಡಿ ತುಂಬಿ, ಟೈರು ಆಗ ತಾನೇ ಕಟ್ಟಿದ ರಾಗಿಮುದ್ದೆಯಷ್ಟು ನುಣ್ಣಗಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಟಿ.ವಿ.ಎಸ್. ಮೊಪೆಡ್ ಬಂತು. ಹಿಂದೆ ಎರಡು ಹೊರೆ ಹುಲ್ಲು, ಮುಂದೆ ಹಾಲಿನ ಕ್ಯಾನು, ನಡುವೆ ಎಲ್ಲೋ ಒಬ್ಬ ಮನುಷ್ಯ. ಅದರ ಟೈರಿನ ಅಗಲ ಎರಡೂವರೆ ಇಂಚು. ನನ್ನದು ಒಂಬತ್ತೂಕಾಲು. "ಸಿಗಾಕೊಂಡದಾ?" ಅಂತ ಕೇಳಿದ, ಉತ್ತರಕ್ಕೆ ಕಾಯದೆ ಪುಟುಪುಟು ಅಂತ ಹೊರಟುಹೋದ.

"ಅವುಂದು ಕೆಸರ ಸೀಳ್ಕಂಡು ತಳುದ್ ಗಟ್ಟಿ ಇಡ್ಕತದೆ, ನಿಮ್ದು ಅಗ್ಲ ಆಗಿ ಮೇಲೇ ತೇಲ್ತದೆ" ಅಂದರು ಮಾವ. "ಗಾಳಿ ಬುಡಿ." ನಾನು ಉಸಿರು ಬಿಟ್ಟೆ. "ಟೈರ್ ಗಾಳಿ!" ಬೀರುವಿನ ಬೀಗದ ಕೈ ತುದಿಯಿಂದ ವಾಲ್ವಿನ ಪಿನ್ನು ಒತ್ತಿ, ಕಿವಿಗೊಟ್ಟು ಕೇಳುತ್ತಾ ನಾಲ್ಕೂ ಚಕ್ರದ ಗಾಳಿ ಇಳಿಸಿದರು. 32 ಇದ್ದದ್ದು ಪಂಚರ್ ಅಂಗಡಿಯಲ್ಲಿ ಆಮೇಲೆ ನೋಡಿದಾಗ 18 ಇತ್ತು. ಟೈರಿನ ಹೊಟ್ಟೆ ನೆಲಕ್ಕೆ ಹರಡಿತು, ಬಟನ್ನು ಬಾಗಿ ಮಣ್ಣು ಕಕ್ಕಿತು, ಗಾಡಿ ಒಮ್ಮೆ ಹಿಂದೆ ಒಮ್ಮೆ ಮುಂದೆ ತೂಗಿ ಎದ್ದು ಬಂತು. ಖರ್ಚು ಸೊನ್ನೆ. ನಾನು ಅಲ್ಲಿಯವರೆಗೆ ಹಾಕಿದ್ದ ದುಡ್ಡಿನ ಲೆಕ್ಕವನ್ನು ಮಾವ ಕೇಳಲಿಲ್ಲ, ದೊಡ್ಡ ಮನುಷ್ಯರು. ಅವರ ಮಗಳು ಹೇಳಿದಳು.

ಈಗ ಗಾಡಿಯಲ್ಲಿರುವುದು ಅದರ ಹಳೇ ಸ್ಟೀಲ್ ಡಿಸ್ಕ್, ಕಂಪನಿ ಅಳತೆಯದೇ ಹೊಸ ಟೈರು, ಬಟನ್ನು ಮಾತ್ರ ಆಲ್ ಟೆರೇನ್, ಡಾಂಬರಿಗೂ ಮಣ್ಣಿಗೂ ಆಗುವಂಥದು. ಮಾವನೇ ಅಂಗಡಿಗೆ ಬಂದು ಹುಟ್ಟಿದ ವಾರ ನೋಡಿ ಒಪ್ಪಿಗೆ ಕೊಟ್ಟರು. ತಾರಸಿಯ ಮೇಲಿದ್ದ ನಾಲ್ಕು ಕರೀ ಅಲಾಯ್‌ಗಳ ನಡುವಿನ ತೂತಿಗೆ ಹೆಂಡತಿ ಒಂದೊಂದು ಮಲ್ಲಿಗೆ ಕುಂಡ ಇಳಿಸಿದ್ದಾಳೆ. ಅಲ್ಲಾಡುವುದಿಲ್ಲ. "ನೋಡ್ರೀ, ಕೂತ್ಕೊಳ್ತು" ಅಂತ ಬಂದ ನೆಂಟರಿಗೆಲ್ಲ ತೋರಿಸುತ್ತಾಳೆ.

ಮೊನ್ನೆ ಭಾನುವಾರ ನಾದಿನಿಯ ಮನೆಗೆ ಹೋಗಿ ಬಂದೆವು. ಒಂದು ತಿರುವಿನಲ್ಲೂ ಸದ್ದಿಲ್ಲ. ಮಂಡ್ಯ ಮತ್ತೆ 45 ಕಿಲೋಮೀಟರಿಗೆ ಹೋಗಿತ್ತು.