ಮನೆಯಲ್ಲಿ ಮೂರು ಭಾಷೆ ಆಡಿದರೆ ಮಗುವಿಗೆ ಮಾತು ತಡವಾಗುತ್ತದೆಯೇ?

ಹಲವು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲ, ಇಂಗ್ಲಿಷ್ ಒಂದೇ ಸಾಕು ಎಂಬ ಸಂದೇಶ ಕಾಸರಗೋಡಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪುಗಳಿಗೆ ಮತ್ತೆ ಮತ್ತೆ ಬರುತ್ತದೆ. ಕಳಿಸುವವರದು ಮಕ್ಕಳ ಮೇಲಿನ ಕಾಳಜಿಯೇ. ಆದರೆ ಅದರಲ್ಲಿರುವುದು ಸರಿಯಲ್ಲ.

ಕುಂಬಳೆ ಕಡೆಯ ಮಗು ಅಜ್ಜಿಯ ಹತ್ತಿರ ತುಳುವಿನ ‘ಪುಚ್ಚೆ’, ಅಮ್ಮನ ಹತ್ತಿರ ಕನ್ನಡದ ‘ಬೆಕ್ಕು’, ಪಕ್ಕದ ಮನೆಯಲ್ಲಿ ಮಲಯಾಳದ ‘ಪೂಚ್ಚ’ ಎನ್ನುತ್ತದೆ. ಯಾರಿಗೆ ಯಾವುದು ಎಂದು ಅದಕ್ಕೆ ಗೊತ್ತು. ಕನ್ನಡದ ಪದಗಳನ್ನಷ್ಟೇ ಎಣಿಸಿದರೆ ಕಡಿಮೆ ಕಾಣಬಹುದು. ಮೂರೂ ಭಾಷೆಯವನ್ನು ಕೂಡಿಸಿ ನೋಡಿ.

ದ್ವಿಭಾಷಿ ಮಕ್ಕಳು ಹಿಂದೆ ಎಂದು ಹಳೆಯ ಕೆಲವು ಅಧ್ಯಯನಗಳು ಹೇಳಿದ್ದು ನಿಜ. ಅವುಗಳಲ್ಲಿ ಹೆಚ್ಚಿನವು ಮನೆಯ ಬಡತನವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದೇ ಆರ್ಥಿಕ ಹಿನ್ನೆಲೆಯ 10 ವರ್ಷದ ಮಕ್ಕಳನ್ನು ಹೋಲಿಸಿದಾಗ ಬುದ್ಧಿ ಪರೀಕ್ಷೆಗಳಲ್ಲಿ ದ್ವಿಭಾಷಿಗಳೇ ಮುಂದಿದ್ದರು. (ಹಾಗೆಂದು ‘ಎರಡು ಭಾಷೆ, ಎರಡು ಪಟ್ಟು ಬುದ್ಧಿ’ ಎಂದು ಹಂಚುವುದೂ ತಪ್ಪು, ಎರಡೂ ಭಾಷೆ ಚೆನ್ನಾಗಿ ಬಲ್ಲವರನ್ನೇ ಅಲ್ಲಿ ಆರಿಸಿದ್ದರು.)

ಇಂಥ ಸಂದೇಶ ಬಂದರೆ ಯಾವ ವರ್ಷದ ಅಧ್ಯಯನ, ಎಷ್ಟು ಮಕ್ಕಳು, ಯಾರೊಂದಿಗೆ ಹೋಲಿಕೆ ಎಂದು ಹುಡುಕಿ. ‘ವಿಜ್ಞಾನಿಗಳು ಹೇಳುತ್ತಾರೆ’ ಎಂದಷ್ಟೇ ಇದ್ದರೆ ಮುಂದೆ ಕಳಿಸಬೇಡಿ. ಎರಡು ವರ್ಷ ತುಂಬಿದರೂ ಮಗು ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಅಜ್ಜಿಯ ತುಳು ಮಾತ್ರ ನಿಲ್ಲಿಸಬೇಡಿ.