ಹಡಗಿನಿಂದ ಇಳಿಯುವಾಗ ಕಿಸೆಯಲ್ಲಿ ಚಿಲ್ಲರೆ ಇರಲಿ

ನಮ್ಮ ಭಾವ ಪಣಂಬೂರಿನಲ್ಲಿ ಆಟೋ ಓಡಿಸುತ್ತಾರೆ. ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬರುವ ದಿನ ಬೆಳಗ್ಗೆಯೇ ಹೋಗಿ ಗೇಟಿನ ಹೊರಗೆ ಸಾಲಿನಲ್ಲಿ ನಿಲ್ಲುತ್ತಾರೆ. ಆಟೋದೊಳಗೆ ಗಣಪತಿಯ ಪಕ್ಕ ಒಂದು ಸಣ್ಣ ಡಬ್ಬಿ. ಅದರಲ್ಲಿ ಯೂರೋ, ಪೌಂಡಿನ ನಾಣ್ಯಗಳು. ಎಲ್ಲ ಪ್ರವಾಸಿಗರು ಖುಷಿಯಲ್ಲಿ ಕೊಟ್ಟ ಟಿಪ್ಸು.

ಎರಡು ಯೂರೋ ನಾಣ್ಯ ನಮ್ಮ ಹತ್ತು ರೂಪಾಯಿ ನಾಣ್ಯದ ಹಾಗೇ ಇದೆ, ಬಣ್ಣ ಮಾತ್ರ ತಿರುಗಾಮುರುಗಾ. ಅದರದ್ದು ನಡುವೆ ಹಳದಿ, ಸುತ್ತ ಬಿಳಿ. ಎಕ್ಸ್‌ಚೇಂಜಿನವರು ನೋಟು ತೆಗೆದುಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. "ನೋಡ್ಲಿಕ್ಕೆ ಚಂದ ಉಂಟು ಮಾರಾಯ, ಒಂದು ಚಾಯಕ್ಕೂ ಆಗುವುದಿಲ್ಲ" ಅನ್ನುತ್ತಾರೆ ಭಾವ.

ನಾನಿರುವುದು ದುಬೈಯಲ್ಲಿ. ಕಳೆದ ಚಳಿಗಾಲದಲ್ಲಿ ನಾವೂ ಕ್ರೂಸಿಗೆ ಹೋದೆವು. ಒಮಾನಿನ ಖಸಬ್, ಮಸ್ಕತ್, ವಾಪಸ್. ಹೊರಡುವ ಮೊದಲು ಮನೆಯಲ್ಲಿ ಒಂದೇ ಚರ್ಚೆ: ಒಮಾನಿ ರಿಯಾಲ್ ಮಾಡಿಸಿಕೊಳ್ಳಬೇಕಾ, ಬೇಡವಾ? ನಾನು ಬೇಡ ಅಂದೆ. ಲೆಕ್ಕ ಹಾಕಿಯೇ ಅಂದೆ. ದಿರ್ಹಮ್ ಮತ್ತು ರಿಯಾಲ್ ಎರಡನ್ನೂ ಡಾಲರಿಗೆ ಕಟ್ಟಿಹಾಕಿದ್ದಾರೆ, ರೇಟು ಅಲುಗಾಡುವುದಿಲ್ಲ. ಒಂದು ರಿಯಾಲಿಗೆ ಸುಮಾರು 9.55 ದಿರ್ಹಮ್. ಅಂಗಡಿಯವರು ದಿರ್ಹಮ್ ತೆಗೆದುಕೊಂಡು ಹತ್ತರ ಲೆಕ್ಕ ಹಿಡಿದರೂ 20 ರಿಯಾಲಿನ ವ್ಯಾಪಾರಕ್ಕೆ ಹೆಚ್ಚಿಗೆ ಹೋಗುವುದು ಒಂಬತ್ತು ದಿರ್ಹಮ್. ಅದಕ್ಕಾಗಿ ಎಕ್ಸ್‌ಚೇಂಜಿನಲ್ಲಿ ಕ್ಯೂ ನಿಲ್ಲುವುದು ಯಾಕೆ, ಅಲ್ವಾ? ಹಡಗಿನೊಳಗಂತೂ ನಗದಿನ ಮಾತೇ ಇಲ್ಲ. ಕೋಣೆಯ ಕಾರ್ಡು ತೋರಿಸಿದರೆ ಮುಗಿಯಿತು, ಕೊನೆಯ ದಿನ ಬಿಲ್ಲು ಬರುತ್ತದೆ.

ಲೆಕ್ಕ ಸರಿಯೇ ಇತ್ತು. ತಪ್ಪಿದ್ದು ಬೇರೆ ಕಡೆ.

ಮಸ್ಕತ್‌ನಲ್ಲಿ ಹಡಗು ನಿಲ್ಲುವುದು ಮತ್ರಾದಲ್ಲಿ. ಸಮುದ್ರದ ಬದಿಯಲ್ಲೇ ನಡೆದರೆ ಹಳೆಯ ಸೂಕ್, ಅಂದರೆ ಸಂತೆಪೇಟೆ. ಲೋಬಾನದ ಹೊಗೆ ದೂರದಿಂದಲೇ ಮೂಗಿಗೆ ಬರುತ್ತದೆ. ಮೊದಲಿಗೆ ಚಹಾ ಕುಡಿದೆವು. ಕಪ್ಪಿಗೆ 200 ಬೈಸಾ, ಸಾವಿರ ಬೈಸಾಕ್ಕೆ ಒಂದು ರಿಯಾಲ್. ಅಂದರೆ ನಾಲ್ಕು ಕಪ್ಪಿಗೆ ಎಂಟು ದಿರ್ಹಮಿನ ಆಸುಪಾಸು. ನನ್ನ ಹತ್ತಿರ ಇದ್ದದ್ದು ನೂರರ ನೋಟು. ಚಹಾದವನು ನೋಟು ನೋಡಿದ, ನನ್ನ ಮುಖ ನೋಡಿದ, ಪಕ್ಕದಂಗಡಿಗೆ ಓಡಿದ, ಅಲ್ಲಿಂದ ಇನ್ನೊಂದಕ್ಕೆ ಓಡಿದ. ಅಷ್ಟರಲ್ಲಿ ಅವನ ಸ್ಟವ್ ಮೇಲೆ ಹಾಲು ಉಕ್ಕಿತು. ಕೊನೆಗೆ ಸಿಕ್ಕಿದ ಚಿಲ್ಲರೆ ಎಲ್ಲ ರಿಯಾಲು, ಬೈಸಾ. ಯಾವುದನ್ನು ಬೇಡ ಅಂದಿದ್ದೆನೋ ಅದೇ ನನ್ನ ಕೈಗೆ ಬಂತು, ಅದೂ ಅವನು ಹೇಳಿದ ರೇಟಿಗೆ. ನನ್ನ ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೇ ಒಳ್ಳೆಯದಿತ್ತು.

ನಮ್ಮಮ್ಮ ಜಾತ್ರೆಗೆ ಹೊರಟರೆ ಹಿಂದಿನ ದಿನವೇ ಗೂಡಂಗಡಿಗೆ ಹೋಗಿ ಐನೂರರ ನೋಟು ಮುರಿಸಿ ಹತ್ತು, ಇಪ್ಪತ್ತರ ಕಟ್ಟು ಮಾಡಿಕೊಳ್ಳುತ್ತಾರೆ. ಚುರುಮುರಿಗೆ, ಬಳೆಗೆ, ಹುಂಡಿಗೆ ಬೇರೆ ಬೇರೆ. ಜಾತ್ರೆಯಲ್ಲಿ ಯಾರೂ ಚಿಲ್ಲರೆ ಕೊಡುವುದಿಲ್ಲ ಅಂತ ಅವರಿಗೆ ಗೊತ್ತು. ಬಂದರಿನಲ್ಲಿ ಇಳಿಯುವುದೂ ಜಾತ್ರೆಯ ಹಾಗೇ. ಐದಾರು ಗಂಟೆ, ಸಣ್ಣ ಸಣ್ಣ ಖರ್ಚು. ನಾವು ರೇಟಿನ ಬಗ್ಗೆ ಜಗಳ ಆಡುತ್ತೇವೆ, ಕೈಕೊಡುವುದು ಚಿಲ್ಲರೆ.

ಒಂದು ಕಾಲಕ್ಕೆ ಈ ಪಂಚಾಯಿತಿಯೇ ಬೇಕಿರಲಿಲ್ಲ. ಕೊಲ್ಲಿಯ ಊರುಗಳಲ್ಲಿ ಆಗ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತು. 1966ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ಹೆಚ್ಚಿನವರು ಬಿಟ್ಟರು, ಒಮಾನಿನಲ್ಲಿ ಮಾತ್ರ 1970ರವರೆಗೂ ನಡೆಯಿತು. ಮತ್ರಾದ ಅದೇ ಸೂಕಿನಲ್ಲಿ ನಮ್ಮಜ್ಜನಾಗಿದ್ದರೆ ರೂಪಾಯಿ ಕೊಟ್ಟೇ ಚಹಾ ಕುಡಿಯಬಹುದಿತ್ತು.

ಮಂಗಳೂರಿಗೆ ಇಳಿಯುವವರ ಕಷ್ಟ ಬೇರೆಯೇ. ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್ ನೋಡಿ ಬಿಸಿಲಲ್ಲಿ ಬೊಂಡ, ಅಂದರೆ ಎಳನೀರು, ಕುಡಿಯೋಣ ಅಂತ ನಿಲ್ಲುತ್ತಾರೆ. ಬೊಂಡದ ಗಾಡಿಯಲ್ಲಿ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ. ನಾವು ಸ್ಕ್ಯಾನ್ ಮಾಡಿ ಹೋಗುತ್ತೇವೆ, ಅವರ ಊರಿನ ಕಾರ್ಡು ಅಲ್ಲಿ ಕೆಲಸಕ್ಕೆ ಬಾರದು. ವಿದೇಶಿಯರಿಗೆಂದು 2023ರಲ್ಲಿ ಯುಪಿಐ ಒನ್ ವರ್ಲ್ಡ್ ಅನ್ನುವ ಮೊಬೈಲ್ ವ್ಯಾಲೆಟ್ ಬಂತು ನಿಜ, ಆದರೆ ಪಾಸ್‌ಪೋರ್ಟ್ ಕೊಟ್ಟು ಕೆವೈಸಿ ಮಾಡಿಸಬೇಕು. ಒಂದು ಬೊಂಡಕ್ಕಾಗಿ ಯಾರು ಮಾಡಿಸುತ್ತಾರೆ? ಡಾಲರ್ ಚಾಚುತ್ತಾರೆ. ಬೊಂಡದವನು ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಅವನ ಅರ್ಧ ದಿನದ ಕೆಲಸ ಹಾಳು.

ಹಾಗಾಗಿ ನನ್ನ ಲೆಕ್ಕ ಈಗ ಬದಲಾಗಿದೆ. ಇಳಿದ ಊರಿನ ಹಣ ಒಂದು ದಿನದ ಚಹಾ, ಆಟೋ, ಟಿಪ್ಸಿಗೆ ಆಗುವಷ್ಟು ಮಾತ್ರ ಮಾಡಿಸುವುದು, ಅದೂ ಸಣ್ಣ ನೋಟು ಕೇಳಿ. ದೊಡ್ಡ ಖರೀದಿಗೆ ಕಾರ್ಡು. ಮೆಷಿನ್ ನಿಮ್ಮ ಊರಿನ ಹಣದಲ್ಲಿ ಕೊಡ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣವನ್ನೇ ಒತ್ತಿ. ಇಲ್ಲದಿದ್ದರೆ ರೇಟು ಅವರದ್ದಾಗುತ್ತದೆ. ನಾನು ಲೋಬಾನ ಕೊಳ್ಳುವಾಗ ಅವಸರದಲ್ಲಿ ದಿರ್ಹಮ್ ಒತ್ತಿ ಕೆಟ್ಟೆ.

ಈ ಸಲ ಊರಿಗೆ ಹೋದಾಗ ಭಾವ ಆ ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟರು. ದುಬೈಯಲ್ಲಾದರೂ ಆದೀತು ಅಂತ. ಆಗಲಿಲ್ಲ. ಇಲ್ಲಿಯೂ ನೋಟು ಮಾತ್ರ. ಡಬ್ಬಿ ನನ್ನ ಮೇಜಿನ ಖಾನೆಯಲ್ಲಿದೆ. ಎಕ್ಸ್‌ಚೇಂಜ್ ಆಯ್ತು ಭಾವ ಅಂತ ಹೇಳಿ ಜೀಪೇ ಮಾಡಿದ್ದೇನೆ. ರೇಟು ಸ್ವಲ್ಪ ಜಾಸ್ತಿಯೇ ಹಿಡಿದೆ.