ಹೊಸಾ ಟೈರ್ ಹಾಕ್ಸಿದ್ಮ್ಯಾಲ ನಮ್ಮ ಕಾರು ಮರಗುತ್ತಿ ರೈಲು ಸುರಂಗ ಆತು

ಹೊಸಾ ಟೈರಿನ ಸೌಂಡಿನ ಕಥಿ ಇದು. ಪೋಸ್ಟ್ ಜರಾ ಉದ್ದ ಅದ, ಚಾ ಹಿಡ್ಕೊಂಡು ಓದ್ರಿ. ಮತ್ತ ಅಂಗಡಿ ಯಾವ್ದು, ಟೈರ್ ಯಾವ ಕಂಪನಿದು ಅಂತ ಕೆಳಗ ಕೇಳಬ್ಯಾಡ್ರಿ, ಹೇಳಂಗಿಲ್ಲ. ತಪ್ಪು ಅವರದೊಂದೇ ಅಲ್ಲ, ಅರ್ಧಾ ನಂದೂ ಅದ, ಅದಕ್ಕೇ ಬರೀಲತ್ತೀನಿ.

ಸಂಕ್ರಾಂತಿ ಮುಂದ ನಮ್ಮ ಗಾಡಿಗಿ ನಾಕೂ ಟೈರ್ ಹೊಸಾವು ಹಾಕ್ಸಿದೆ. ಹಳೇವು ಐದು ವರ್ಷದ್ದು, 46 ಸಾವಿರ ಕಿಲೋಮೀಟರ್ ಓಡಿದ್ದುವು. ಗ್ರಿಪ್ಪಿನ ಗೆರಿ ಒಳಗ ಅಡ್ಡಕ್ಕ ಒಂದು ಸಣ್ಣ ದಿಬ್ಬ ಇರ್ತದ ನೋಡ್ರಿ, 1.6 ಮಿಲಿಮೀಟರ್ ಎತ್ತರದ್ದು, ಗ್ರಿಪ್ ಸವೆದು ಅದರ ಮಟ್ಟಕ್ಕ ಬಂತಂದ್ರ ಟೈರ್ ಕಥಿ ಮುಗೀತು ಅಂತ ಲೆಕ್ಕ, ನಮ್ಮವು ಆ ಮಟ್ಟಕ್ಕ ಬಂದಿದ್ದುವು. ಕಲಬುರಗಿ ರಿಂಗ್ ರೋಡಿನ್ಯಾಗ ಒಂದು ಅಂಗಡಿಗಿ ಹೋದೆ. ನಾ ಕೇಳಿದ್ದು ಎರಡೇ ಮಾತು. ಎಷ್ಟು ಕಿಲೋಮೀಟರ್ ಬರ್ತದ, ಕಡಿಮಿ ಎಷ್ಟಕ್ಕ ಕೊಡ್ತೀರಿ. "ಲೋಹಾ ಅದ ಸರ್ ಲೋಹಾ, ಕಲ್ಲಿನ ಮ್ಯಾಲ ಓಡಸ್ರಿ ಏನೂ ಆಗಂಗಿಲ್ಲ" ಅಂದ ಉಸ್ತಾದ್, ನಂಗೂ ಖುಷಿ ಆತು. ಲೋಹಾ ಇದ್ರ ಸೌಂಡೂ ಲೋಹಾದಂಗೇ ಬರ್ತದ ಅಂತ ಆಗ ತಲ್ಯಾಗ ಬರ್ಲಿಲ್ಲ ನೋಡ್ರಿ.

ಊರಾಗ ಎರಡು ದಿನ ಓಡಸ್ದೆ, ಏನೂ ಗೊತ್ತಾಗ್ಲಿಲ್ಲ. ಗೊತ್ತಾಗೋದಾರ ಹೆಂಗ, ಜಗತ್ ಸರ್ಕಲ್ ಸೂಪರ್ ಮಾರ್ಕೆಟ್ ಕಡಿ ಆಟೋದೋರು, ಬುಲೆಟ್‌ನೋರು, ಸಿಗ್ನಲ್ ಬಿಡೋದ್ರ ಮೊದ್ಲೇ ಹಿಂದಿಂದ ಹಾರ್ನ್ ಒತ್ತೋರು, ಆ ಗದ್ದಲದಾಗ ಪಾಪ ಟೈರ್ ಸೌಂಡ್ ಯಾರಿಗಿ ಕೇಳಬೇಕು. ಅದೂ ಅಲ್ದೆ 40-50 ಸ್ಪೀಡ್ ದಾಟಿದ್ಮ್ಯಾಲೇ ಇಂಜಿನ್ ಸೌಂಡ್‌ಕ್ಕಿಂತ ಟೈರ್ ಸೌಂಡ್ ಮ್ಯಾಲ ಬರ್ತದ, ನಮ್ಮೂರಾಗ ಆ ಸ್ಪೀಡ್ ಎಲ್ಲಿ ಸಿಗ್ತದ ಹೇಳ್ರಿ.

ಮೂರನೇ ದಿನ ಅತ್ತಿಮನಿಗಿ ಅಂತ ಬೀದರಕ್ಕ ಹೊಂಟಿವಿ. ಮಹಾಗಾಂವ್ ಕ್ರಾಸ್ ದಾಟಿ ಗಾಡಿ 80ಕ್ಕ ಬಂತು, ಶುರು ಆತು ಒಂದೇ ಸವನ ಹೂಂಂಂಂ ಅಂತ. ಗಿರಣಿ ಒಳಗ ಕೂತಂಗ. ನಮ್ಮಾಕಿ, "ರೀ, ಹಿಂದಿನ ಕಿಟಕಿ ತೆಗ್ದದೇನು ನೋಡ್ರಿ" ಅಂದಳು. ಎಲ್ಲಾ ಬಂದ್ ಇದ್ದುವು. ಎಸಿ ಬಂದ್ ಮಾಡ್ದೆ, ಹಾಡು ಬಂದ್ ಮಾಡ್ದೆ, ಹಿಂದ ಗಾಡಿ ಇಲ್ಲ ಅಂತ ನೋಡ್ಕೊಂಡು ಒಂದು ಹತ್ತು ಸೆಕೆಂಡ್ ನ್ಯೂಟ್ರಲ್‌ಗಿ ಹಾಕ್ದೆ, ಇಂಜಿನ್ ಸೌಂಡ್ ಇಳೀತು ಆದ್ರ ಹೂಂಂಂ ಅನ್ನೋದು ಹಂಗೇ ಇತ್ತು. ಅಂದ್ರ ಇಂಜಿನ್ ಅಲ್ಲ, ಚಕ್ರದ್ದೇ. ಕಮಲಾಪುರದಾಗ ಕೆಂಪು ಬಾಳಿಹಣ್ಣಿಗಿ ನಿಂತಾಗ ಹಣ್ಣಿನಾಕಿ ಹಂತ್ಯಾಕ ನಾ ಎಷ್ಟು ಜೋರ್ ಮಾತಾಡ್ಲತ್ತಿದ್ದೆ ಅಂದ್ರ ಆಕಿ, "ಯಾಕ್ರಿ ಅಣ್ಣಾ ಸಿಟ್ಟಿಗ್ಯಾಕ ಬರ್ತೀರಿ, ಐದು ರೂಪಾಯಿ ಕಡಿಮಿ ಕೊಡ್ರಿ" ಅಂದಳು. ಒಂದು ಲಾಭ ಆತು ಅಷ್ಟೇ.

ನಮ್ಮ ಮಾವನೋರು ಬಸ್ ಡ್ರೈವರ್ ಆಗಿ ರಿಟೈರ್ ಆದೋರು. ಅಂಗಳದಾಗ ಗಾಡಿ ನಿಂತ್ಮ್ಯಾಲ ಬಂದು ಚಕ್ರದ ಹಂತ್ಯಾಕ ಕುಕ್ಕರಗಾಲಿಲೆ ಕೂತ್ರು, ಟೈರಿನ ಮ್ಯಾಲ ಅಂಗೈ ಇಟ್ಟು ಹೊರಗಿಂದ ಒಳಗ, ಒಳಗಿಂದ ಹೊರಗ ಸವರಿದ್ರು, ಎಮ್ಮಿ ಮೈ ಸವರಿದಂಗ. ಸವೆತ ಒಂದು ಕಡಿ ಏರು ಒಂದು ಕಡಿ ತಗ್ಗು ಇದ್ರ ಕೈಗಿ ಹತ್ತತದಂತ, ಅದರಿಂದಾನೂ ಇಂಥಾದೇ ಸೌಂಡ್ ಬರ್ತದಂತ, ಆದ್ರ ಇವು ಹೊಸಾವು, ಆ ಮಾತಿಲ್ಲ. "ಹವಾ ಎಷ್ಟು ಹಾಕ್ಸೀರಿ?" ಅಂದ್ರು. ನಾ, "ಅವರೇ ಹಾಕ್ಯಾರ್ರಿ" ಅಂದೆ. ಮಾವನೋರು ನನ್ನ ಮಾರಿ ನೋಡಿದ್ರು, ಏನೂ ಅನ್ಲಿಲ್ಲ. ಅಳಿಯ ಅಂತ ಬಿಟ್ರು ಅಂತ ಕಾಣ್ತದ.

ಆಗಿಂದಾಗ ಅಳೀಲಿಕ್ಕಿ ಬಿಡ್ಲಿಲ್ಲ. ನೂರು ಕಿಲೋಮೀಟರ್ ಮ್ಯಾಲ ಓಡಿ ಬಂದದ, ಒಳಗಿನ ಹವಾ ಬಿಸಿ ಅದ, ಈಗ ಅಳದ್ರ ಸುಳ್ಳು ತೋರಸ್ತದ, ಮುಂಜಾನಿ ನೋಡಣ ಅಂದ್ರು. ಮುಂಜಾನಿ ಗೇಜ್ ಹಚ್ಚಿ ನೋಡಿದ್ರ ನಾಕರಾಗ ಮೂರು ಟೈರ್ 42 ಪಿಎಸ್ಐ (ಹವಾದ ಒತ್ತಡದ ಅಳತಿ) ಇದ್ದುವು, ಒಂದು 40. ಡ್ರೈವರ್ ಬಾಗಿಲ ತೆಗೆದ್ರ ಕಂಬದ ಮ್ಯಾಲ ಸ್ಟಿಕರ್ ಇರ್ತದಲಾ, ಅದರಾಗ 33 ಅಂತ ಬರದದ. ಯಾಕ ಹಿಂಗಾಗ್ತದ ಅಂದ್ರ ಹೊಸಾ ಟೈರ್ ರಿಮ್ಮಿಗಿ ಸರಿಯಾಗಿ ಕೂಡ್ಲಿ ಅಂತ ಅಂಗಡ್ಯಾಗ ಮೊದ್ಲು ಹವಾ ಹೆಚ್ಚಿಗಿ ಹೊಡೀತಾರ, ಪಟ್ ಪಟ್ ಅಂತ ಕೂತ ಸಪ್ಪಳ ಕೇಳ್ತದ, ಆಮ್ಯಾಲ ಇಳಿಸಬೇಕು. ಇಳಿಸೋ ಹುಡುಗ ಚಾಕ್ಕ ಹೋಗಿರಬೇಕು. ಹವಾ ಹೆಚ್ಚಿದ್ರ ಟೈರ್ ಕಲ್ಲಿನಂಗ ಗಟ್ಟಿ ಆಗ್ತದ, ರೋಡಿನ ಪ್ರತಿಯೊಂದು ಖಡಿ ಬಡಿದಿದ್ದು ಸೀದಾ ಬಾಡಿಗಿ ಬರ್ತದ, ಸೌಂಡೂ ಹೆಚ್ಚು, ಹಿಡಿತಾನೂ ಕಡಿಮಿ, ನಡುವಿನ ಗ್ರಿಪ್ ಅಷ್ಟೇ ಲಗೂನ ಸವೀತದ.

ಇಲ್ಲಿ ಒಂದು ಮಾತು. ನಮ್ಮ ಕಡಿ ಹವಾ ಬಗ್ಗಿ ಎರಡು ಪಾರ್ಟಿ ಅವ. ಒಂದು ಪಾರ್ಟಿ ಬ್ಯಾಸಗ್ಯಾಗ ಹವಾ ಕಡಿಮಿ ಹಾಕ್ರಿ ಇಲ್ಲಂದ್ರ ಒಡೀತದ ಅಂತದ, ಇನ್ನೊಂದು ಪಾರ್ಟಿ ನಮ್ಮ ಬಿಸಲಿಗಿ ನಾಕು ಹೆಚ್ಚಿಗೇ ಹಾಕ್ರಿ ಅಂತದ. ಎರಡೂ ಪಾರ್ಟಿಗಿ ನಮಸ್ಕಾರ. ಕಡಿಮಿ ಹವಾದಾಗ ಟೈರಿನ ಗೋಡಿ, ಅಂದ್ರ ಮಗ್ಗಲಿನ ಮೈ, ಹೆಚ್ಚು ಮಡಚ್ತದ, ಅದರಿಂದ್ಲೇ ಹೆಚ್ಚು ಬಿಸಿ ಆಗ್ತದ, ಒಡೆಯೋದೂ ಹಂಗೇ. ಹವಾ ತಣ್ಣಗಿದ್ದಾಗ ಸ್ಟಿಕರ್‌ನಾಗ ಬರದಷ್ಟು ಹಾಕ್ರಿ, ಬಿಸಿ ಆದಾಗ ಎಷ್ಟು ಏರ್ತದ ಅನ್ನೋದನ್ನ ಗಾಡಿ ಮಾಡಿದೋರು ಮೊದ್ಲೇ ಲೆಕ್ಕ ಹಿಡಿದಿರ್ತಾರ.

33ಕ್ಕ ಇಳಿಸಿದ್ವಿ. ಆದ್ರ ಮಾವನೋರಿಗಿ ಸಮಾಧಾನ ಇಲ್ಲ. ಮೊಬೈಲ್ ಟಾರ್ಚ್ ಹಿಡ್ಕೊಂಡು ಪರ್ಸಿ ಮ್ಯಾಲ ಅಡ್ಡ ಮಲಗಿದ್ರು, ಎಪ್ಪತ್ತರ ಮುದುಕ, ಅತ್ತಿಯೋರು ಬೈಲತ್ತಾರ ಧೋತರ ಹೊಲಸಾಗ್ತದ ಅಂತ, ಇವರು ಗಾಡಿ ಕೆಳಗಿಂದ, "ಇದರ ಮ್ಯಾಲ ಏನ್ ಬರದದ ಓದ್ರಿ" ಅಂತ ಕೂಗಿದ್ರು. ನಾನೂ ಮಲಗ್ದೆ. ಎಡಗಡಿ ಮುಂದಿನ ಟೈರಿನ ಒಳಗಿನ ಮೈ ಮ್ಯಾಲ, ಸಸ್ಪೆನ್ಶನ್ ಕಡಿ ಮಾರಿ ಮಾಡಿ, ಉಬ್ಬು ಅಕ್ಷರದಾಗ ಔಟ್‌ಸೈಡ್ ಅಂತ ಬರದಿತ್ತು. ಹೊರಗಿರಬೇಕಾದ್ದು ಒಳಗ. ಎಡಗಡಿ ಹಿಂದಿಂದೂ ಹಂಗೇ. ಬಲಗಡಿ ಎರಡು ಬರಾಬರ್ ಇದ್ದುವು.

ಕೆಲವು ಟೈರಿನಾಗ ಹೊರಗಿನ ಅರ್ಧದ ಗ್ರಿಪ್ ಬ್ಯಾರೆ, ಒಳಗಿನ ಅರ್ಧದ್ದು ಬ್ಯಾರೆ ಇರ್ತದ. ಸಾಮಾನ್ಯ ಹೊರಗಿಂದು ತಿರುವಿನಾಗ ಹಿಡೀಲಿಕ್ಕಿ ಗಟ್ಟಿ ದೊಡ್ಡ ಬ್ಲಾಕ್, ಒಳಗಿಂದು ನೀರು ಹೊರಗ ಹಾಕ್ಲಿಕ್ಕಿ ಗೆರಿ ಹೆಚ್ಚು. ಅವಕ್ಕ ಔಟ್‌ಸೈಡ್, ಇನ್‌ಸೈಡ್ ಅಂತ ಬರದಿರ್ತಾರ. ಇನ್ನೊಂದು ನಮೂನಿ ಟೈರ್ ಒಂದೇ ದಿಕ್ಕಿಗಿ ತಿರುಗಬೇಕು, ಅದಕ್ಕ ಬಾಣದ ಗುರ್ತು ಇರ್ತದ. ಉಲ್ಟಾ ಹಾಕಿದ್ರ ಮಾಡಿದೋನು ಹೇಳಿದಂಗ ಅದು ಕೆಲಸ ಮಾಡಂಗಿಲ್ಲ, ಸೌಂಡ್ ಒಂದೇ ಅಲ್ಲ, ಮಳ್ಯಾಗಿನ ಹಿಡಿತದ ಮಾತೂ ಅದ.

ಕಲಬುರಗಿಗಿ ವಾಪಸ್ ಬಂದು ಅಂಗಡಿಗಿ ಹೋದೆ. ಉಸ್ತಾದ್ ಮೊದ್ಲು ಕೇಳೇ ಇಲ್ಲ. "ಹೊಸಾ ಮಾಲ್ ಅದ ಸರ್, 500 ಕಿಲೋಮೀಟರ್ ಓಡ್ಲಿ, ತನ್ನಷ್ಟಕ್ಕ ತಾನೇ ಕಮ್ ಆಗ್ತದ." ಇದು ಅರ್ಧಾ ಖರೆ, ಅರ್ಧಾ ಸುಳ್ಳು. ಅಚ್ಚಿನಿಂದ ಟೈರ್ ಬಿಡಿಸ್ಲಿಕ್ಕಿ ಹಚ್ಚಿದ ಜಾರು ಪದಾರ್ಥ ಮ್ಯಾಲಿರ್ತದ, ಮೊದ್ಲಿನ ಕೆಲವು ನೂರು ಕಿಲೋಮೀಟರ್‌ದಾಗ ಅದು ಸವೆದು ಟೈರ್ ಹೊಂದ್ಕೋತದ, ಅಲ್ಲೀ ತನಾ ಜರಾ ಹುಷಾರಿಲೆ ಬ್ರೇಕ್ ಹಾಕ್ಬೇಕು, ಅದು ಖರೆ. ಆದ್ರ ಗ್ರಿಪ್ಪಿನ ಡಿಸೈನ್‌ದಿಂದ ಬರೋ ಸೌಂಡ್ 500 ಅಲ್ಲ 5000 ಓಡಿದ್ರೂ ಹೋಗಂಗಿಲ್ಲ. ನಾ ಔಟ್‌ಸೈಡ್ ಅಂತ ಬರದ ಫೋಟೋ ತೋರಸ್ದೆ. ಉಸ್ತಾದ್ ಸುಮ್ಮ ಆದ. ಹುಡುಗನಿಗಿ ಎರಡು ಬೈದ. ಟೈರ್ ತೆಗೆದು ಸರಿ ಮಾಡಿ ಹಾಕಿದ್ರು, ಆಮ್ಯಾಲ ಬ್ಯಾಲೆನ್ಸಿಂಗ್ ಮತ್ತ ಮಾಡ್ಬೇಕಾತು ಅಂತ ಅದರ ರೊಕ್ಕ ನನ್ನಂತ್ಯಾಕೇ ಕೇಳ್ದ. ತಪ್ಪು ನಿಂದು, ಬಿಲ್ ನಂದೇನೋ ಅಂತ ಜಗಳಾ ಮಾಡಿ ಬಂದೀನಿ, ಕೊಟ್ಟಿಲ್ಲ.

ಈಗ ನೀವು ಸೌಂಡ್ ಹೋತಾ ಅಂತ ಕೇಳ್ತೀರಿ. ಹೋತು, ಪೂರ್ತಿ ಅಲ್ಲ. ಮೊಬೈಲ್‌ನಾಗ ಸೌಂಡ್ ಅಳಿಯೋ ಆಪ್ ಹಾಕಿದ್ದೆ, ಆ ಆಪಿನ ನಂಬರ್ ನಂಬಬ್ಯಾಡ್ರಿ, ಆದ್ರ ಅದೇ ಮೊಬೈಲ್, ಅದೇ ರೋಡ್, ಅದೇ 80 ಸ್ಪೀಡ್ ಇದ್ರ ಮೊದ್ಲಿಗೂ ಈಗಿಗೂ ಫರಕ್ ತಿಳೀತದ. ಮೊದ್ಲು 74 ಡೆಸಿಬಲ್ ಇತ್ತು, ಈಗ 71. ಮೂರೇ ಅಂತ ನಗಬ್ಯಾಡ್ರಿ, ಡೆಸಿಬಲ್ ಲೆಕ್ಕದಾಗ 3 ಕಡಿಮಿ ಅಂದ್ರ ಸೌಂಡಿನ ಶಕ್ತಿ ಅರ್ಧಾ ಆದಂಗ. ಕಿವಿಗಿ ಮಾತ್ರ ಅರ್ಧಾ ಅನಸಂಗಿಲ್ಲ, ಜರಾ ತಗ್ಗ್ಯಾದ ಅನಸ್ತದ ಅಷ್ಟೇ. ಗೆಳೆಯ ಒಬ್ಬ ಗ್ಯಾರೇಜ್‌ನವಾ, ಚಕ್ರದ ಬೇರಿಂಗ್ ಹೋಗಿರಬಹುದು ಅಂದ. ಖಾಲಿ ರೋಡಿನ್ಯಾಗ ಗಾಡಿ ಸಾವಕಾಶ ಎಡಕ್ಕ ಬಲಕ್ಕ ತಿರುಗಿಸಿ ನೋಡಿದ್ವಿ, ಬೇರಿಂಗ್ ಇದ್ರ ಒಂದು ಕಡಿ ಭಾರ ಬಿದ್ದಾಗ ಸೌಂಡ್ ಏರ್ತದ, ಏರ್ಲಿಲ್ಲ. ಮತ್ತ ಬೇರಿಂಗ್ ಸೌಂಡ್ ರೋಡ್ ಬದಲಾದ್ರೂ ಬದಲಾಗಂಗಿಲ್ಲ, ನಮ್ದು ಡಾಂಬರ್ ನುಣ್ಣಗಿದ್ದಲ್ಲಿ ಕಡಿಮಿ, ಖಡಿ ಎದ್ದಲ್ಲಿ ಹೆಚ್ಚು, ಸಿಸಿ ರೋಡಿನ್ಯಾಗ ಬ್ಯಾರೆನೇ ರಾಗ.

ರಾತ್ರಿ ಹೊಸಾ ಟೈರಿನ ಮುಂದ ಕೂತು ಗ್ರಿಪ್ ನೋಡ್ಲಿಕ್ಕತ್ತೆ. ನೀವೂ ಒಮ್ಮಿ ನೋಡ್ರಿ. ಬ್ಲಾಕ್ ಎಲ್ಲಾ ಒಂದೇ ಸೈಜ್ ಕಾಣ್ತಾವ, ಕಡ್ಡಿ ಇಟ್ಟು ಅಳದ್ರ ಒಂದು ದೊಡ್ದು, ಮಗ್ಗಲದ್ದು ಸಣ್ಣದು, ಮತ್ತ ನಡುವಿಂದು. ಬೇಕಂತ್ಲೇ ಹಂಗ ಮಾಡಿರ್ತಾರ. ಎಲ್ಲಾ ಒಂದೇ ಸೈಜ್ ಇದ್ರ ಎಲ್ಲಾ ಒಂದೇ ತಾಳದಾಗ ರೋಡಿಗಿ ಬಡೀತಾವ, ಒಂದೇ ಸ್ವರ ಶಹನಾಯಿ ಊದಿದಂಗ ಕೇಳ್ತದ. ಸೈಜ್ ಬ್ಯಾರೆ ಬ್ಯಾರೆ ಇಟ್ರ ಸ್ವರ ಹರದು ಹಂಚಿ ಹೋಗ್ತದ, ಕಿವಿಗಿ ಕಾಟ ಕಡಿಮಿ. ಇನ್ನ ಗೆರಿ ಒಳಗಿನ ಗಾಳಿ ರೋಡಿಗಿ ಒತ್ತಿದಾಗ ಹಿಂಡಿ ಹೊರಗ ಬರ್ತದ, ಚಪ್ಪಾಳಿ ಹೊಡೆದಾಗ ಅಂಗೈ ನಡುವಿನ ಗಾಳಿ ಬಂದಂಗ. ಟೈರಿನ ಒಳಗಿನ ಹವಾನೂ ಖಾಲಿ ಕೊಡದಂಗ ತಂದೊಂದು ಸ್ವರ ಹಿಡೀತದ, ಅದಕ್ಕೇ ಕೆಲವು ದುಬಾರಿ ಟೈರಿನಾಗ ಒಳಗ ಫೋಮ್ ಅಂಟಿಸಿರ್ತಾರ. ನಮ್ಮ ಟೈರ್ ದಪ್ಪ ಗೋಡಿದು, ದೊಡ್ಡ ದೊಡ್ಡ ಬ್ಲಾಕ್, ಗಟ್ಟಿ ರಬ್ಬರ್, ಅದು ಹೂಂ ಅನ್ನೋದೇ. ಅದನ್ನ ಆರಿಸಿದವಾ ಯಾರು? ನಾನೇ.

ಇದೇ ನಂಗ ಹೇಳೋದಿತ್ತು. ನಾವು ಟೈರ್ ಅಂಗಡ್ಯಾಗ ಲಾರಿಗಿ ಕೇಳಿದಂಗ ಕೇಳ್ತೀವಿ, ಎಷ್ಟು ಓಡ್ತದ ಅಂತ. ಸೌಂಡ್ ಹೆಂಗ ಅದ, ಮಳ್ಯಾಗ ಬ್ರೇಕ್ ಹಿಡೀತದೇನು ಅಂತ ಒಬ್ಬರೂ ಕೇಳಂಗಿಲ್ಲ, ಕೇಳ್ದೆ ಇದ್ದದ್ದಕ್ಕ ಮಾರೋನೂ ಹೇಳಂಗಿಲ್ಲ. ಯುರೋಪಿನಾಗ 2012ರಿಂದ ಟೈರಿನ ಮ್ಯಾಲ ಲೇಬಲ್ ಅಂಟಿಸಿ ಸೌಂಡ್ ಎಷ್ಟು ಡೆಸಿಬಲ್ ಅಂತ ಬರೀತಾರ. ಅದು ಹೊರಗ 7.5 ಮೀಟರ್ ದೂರ ಮೈಕ್ ಇಟ್ಟು ಅಳದಿದ್ದು, ಒಳಗ ಕೂತ ನಮ್ಮ ಕಿವಿದಲ್ಲ, ಆದ್ರೂ ಎರಡು ಟೈರ್ ಹೋಲಿಸ್ಲಿಕ್ಕಿ ಒಂದು ಆಧಾರ ಆತು. ನಮ್ಮಲ್ಲೂ ಕೇಂದ್ರ ಸರ್ಕಾರ 2022ರಾಗ ಟೈರ್ ಉರುಳೋ ಸೌಂಡಿಗಿ, ಒದ್ದಿ ರೋಡಿನ ಹಿಡಿತಕ್ಕ ನಿಯಮ ತಂದದ. ನಾ ನಿಂತಿದ್ದ ಕೌಂಟರ್‌ದಾಗ ಮಾತ್ರ ಆ ಮಾತು ಬರ್ಲೇ ಇಲ್ಲ.

ಹಂಗಂತ ದಪ್ಪ ಗೋಡಿ ಟೈರ್ ತಗೊಂಡಿದ್ದು ಹುಚ್ಚುತನ ಅಂತ ನಾ ಅನ್ನಂಗಿಲ್ಲ. ನಮ್ಮದು ಎರಿ ಭೂಮಿ, ಮಳ್ಯಾಗ ಉಬ್ಬತದ, ಬ್ಯಾಸಗ್ಯಾಗ ಬಿರೀತದ, ಮ್ಯಾಲಿನ ರೋಡ್ ಅಲಿ ಅಲಿ ಆಗ್ತದ. ಸೇಡಂ, ವಾಡಿ ಕಡಿ ಸಿಮೆಂಟ್ ಲಾರಿ ಓಡಾಡಿದ ರೋಡ್ ನೋಡಿದೋರಿಗಿ ಗೊತ್ತದ. ನುಣ್ಣನ್ನ ಮೆತ್ತನ್ನ ಟೈರ್ ಹಾಕಿ ಒಂದು ತಗ್ಗಿನಾಗ ಗೋಡಿ ಕತ್ತರಿಸಿಕೊಂಡ್ರ ಆಗ ಬರೋ ಸೌಂಡ್ ಇನ್ನೂ ಜೋರಿರ್ತದ, ಹೆಂಡ್ತಿದು. ಊರ ದಾಟಿ ಹೊಲಕ್ಕ ಹೋಗೋರು ಗಟ್ಟಿ ಟೈರೇ ಹಾಕ್ಸ್ರಿ. ಹೈವೇದಾಗೇ ಹೆಚ್ಚು ಓಡಸೋ ನನ್ನಂಥೋರು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಸುಮ್ಮಿರೋ ಟೈರ್ ಕೇಳ್ರಿ. ಬಾಗಿಲದಾಗ ಸೌಂಡ್ ತಡಿಯೋ ಶೀಟ್ ಅಂಟಿಸ್ತೀವಿ 12 ಸಾವಿರ ಕೊಡ್ರಿ ಅಂತ ಒಬ್ಬ ಬೆನ್ನು ಹತ್ಯಾನ, ಟೈರ್ ಸೌಂಡ್ ಹೆಚ್ಚು ಬರೋದು ಕೆಳಗಿಂದ, ಚಕ್ರದ ಗೂಡಿನಿಂದ, ಬಾಗಿಲಿಗಿ ಅಂಟಿಸಿ ಏನು ಮಾಡ್ಲಿ.

ಒಂದು ಕಡಿ ಮಾತ್ರ ಪೂರ್ತಿ ಶಾಂತ ಆಗಿತ್ತು. ಬರೋವಾಗ ಒಂದೂರ ಹಂತ್ಯಾಕ ರೈತರು ರೋಡ್ ತುಂಬ ತೊಗರಿ ಹಾಸಿದ್ರು, ಗಾಡಿ ಹಾಯ್ದು ಕಾಳು ಬಿಡ್ಲಿ ಅಂತ. ಅದರ ಮ್ಯಾಲ ಹೋದಾಗ ಹೂಂಂ ಅನ್ನೋದು ನಿಂತು ಸರ್ರ್ ಅಂತ ಮೆತ್ತಗ ಆತು, ಮಗ ಹಿಂದಿಂದ "ಪಪ್ಪಾ ಇಲ್ಲೇ ಓಡಸು" ಅಂದ. ಕಟಗಿ ಸಿಕ್ಕೊಂಡು ಸೈಲೆನ್ಸರ್ ಬಿಸಿಗಿ ಬೆಂಕಿ ಹತ್ತೋದು ಅದ, ಅದಕ್ಕ ನಾ ಸಾವಕಾಶ ದಾಟಿ ಮುಂದ ನಿಂದ್ರಿಸಿ ಕೆಳಗ ಬಗ್ಗಿ ನೋಡ್ದೆ, ಎರಡು ಹಿಡಿ ಕಟಗಿ ಜಗ್ಗಿ ತೆಗೆದೆ.

ನಿನ್ನಿ ಮಾವನೋರು ಫೋನ್ ಮಾಡಿದ್ರು, ಹವಾ ನೋಡ್ಸಿರೇನು ಅಂತ. ನೋಡೀನ್ರಿ, 33 ಅದ ಅಂದೆ. ನಮ್ಮಾಕಿ ಮಾತ್ರ ಶಿವರಾತ್ರಿಗಿ ರೈಲಿಗೇ ಹೋಗ್ತೀನಿ ಅಂತ ಕೂತಾಳ. 2017ರಿಂದ ಬೀದರ ರೈಲು ಅದ, ನಿಮ್ಮ ಟೈರ್ ಯಾಕ ಬೇಕು ಅಂತಾಳ. ರೈಲಿನಾಗ ಸೌಂಡ್ ಇಲ್ಲೇನು ಅಂದ್ರ, ಮರಗುತ್ತಿ ಸುರಂಗದಾಗ ಎರಡು ನಿಮಿಷ ಆಗ್ತದ, ಆಮ್ಯಾಲ ನಿಲ್ತದಲಾ ಅಂದಳು.